ಅಣ್ಣನ ಟ್ರಂಕಿನ ಕಾಮಿಕ್ಸ್: ಹರಾಜು ಎಷ್ಟರಿಂದ ಶುರುಮಾಡಲಿ?

ಪ್ರಶ್ನೆ: ನನ್ನ ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಅವನ ಟ್ರಂಕಿನಲ್ಲಿ 212 ಕಾಮಿಕ್ಸ್ ಇವೆ. ಇಂದ್ರಜಾಲ ಕಾಮಿಕ್ಸ್ ಕನ್ನಡದ್ದು, ಇಂಗ್ಲಿಷಿನದು ಸೇರಿ 150, ಅಮರ ಚಿತ್ರಕಥೆ 56, ಅಮೆರಿಕದಿಂದ ನೆಂಟರು ತಂದುಕೊಟ್ಟವು 6. ಹಳೇ ಪುಸ್ತಕದ ವ್ಯಾಪಾರಿಯೊಬ್ಬರು ಎಲ್ಲಕ್ಕೂ ಸೇರಿ 15,000 ರೂಪಾಯಿ ಕೊಡುತ್ತೇನೆ ಎಂದಿದ್ದಾರೆ. ನನ್ನ ಮಗ, ‘ಆನ್‌ಲೈನ್ ಹರಾಜಿಗೆ ಹಾಕೋಣ, ಒಂದು ರೂಪಾಯಿಯಿಂದ ಶುರುಮಾಡಿದರೆ ಜನ ಮುಗಿಬೀಳುತ್ತಾರೆ’ ಅನ್ನುತ್ತಾನೆ. ನನಗೆ ಭಯ. ಎಷ್ಟರಿಂದ ಶುರುಮಾಡಬೇಕು? ಮೊದಲ ಪುಟಗಳಲ್ಲಿ ಅಣ್ಣ ಶಾಯಿಯಲ್ಲಿ ತನ್ನ ಹೆಸರು ಬರೆದಿದ್ದಾನೆ. ಅದನ್ನು ಅಳಿಸಬೇಕೆ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮಗ ಹೇಳಿದ್ದು ಆ ಟ್ರಂಕಿನ ಕೆಲವೇ ಪುಸ್ತಕಗಳಿಗೆ ಸರಿ. ಉಳಿದವಕ್ಕೆ ಹಾಗೆ ಮಾಡಿದರೆ ಕೈಸುಟ್ಟುಕೊಳ್ಳುತ್ತೀರಿ. ಅವಸರ ಬೇಡ. ಮೊದಲು ಹರಾಜಿನಲ್ಲಿ ಬೆಲೆ ಹೇಗೆ ಹುಟ್ಟುತ್ತದೆ ಎಂದು ನೋಡೋಣ.

ನೀವು ಶಿರಸಿಯವರು, ಅಡಿಕೆ ಟೆಂಡರ್ ನೋಡಿಯೇ ಇರುತ್ತೀರಿ. ವ್ಯಾಪಾರಿಗಳು ರಾಶಿ ನೋಡಿ, ಅಡಿಕೆ ಒಡೆದು ನೋಡಿ, ತಮ್ಮ ತಮ್ಮ ದರ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಮಾಲು, ಅವರು ಹಾಕಿದ ದರಕ್ಕೇ. ಇಬೇ ತರಹದ ಆನ್‌ಲೈನ್ ತಾಣದ ಹರಾಜಿನ ಲೆಕ್ಕ ಬೇರೆ. ಅಲ್ಲಿ ಕೊಳ್ಳುವವರು ‘ನಾನು ಹೆಚ್ಚೆಂದರೆ ಇಷ್ಟು ಕೊಟ್ಟೇನು’ ಎಂದು ಒಂದು ಮೊತ್ತವನ್ನು ಗುಟ್ಟಾಗಿ ಬರೆದಿಡುತ್ತಾರೆ. ಎದುರಾಳಿಯನ್ನು ದಾಟಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಯಂತ್ರ ಅವರ ಪರವಾಗಿ ಏರಿಸುತ್ತದೆ. ಒಂದು ಪುಸ್ತಕಕ್ಕೆ ಒಬ್ಬರು 80 ಡಾಲರ್ ಬರೆದಿದ್ದಾರೆ, ಇನ್ನೊಬ್ಬರು 31 ಡಾಲರ್ ಎಂದುಕೊಳ್ಳಿ. ಅದು 32 ಡಾಲರಿಗೆ ಮುಗಿಯುತ್ತದೆ. ಆ 31ರವರು ಅವತ್ತು ಇಲ್ಲವೇ ಇಲ್ಲ, ನೀವು 99 ಸೆಂಟಿನಿಂದ ಶುರುಮಾಡಿದ್ದೀರಿ ಎಂದರೆ, 80 ಕೊಡಲು ತಯಾರಿದ್ದವರೇ 99 ಸೆಂಟಿಗೆ ಒಯ್ಯುತ್ತಾರೆ. ಇಂಥ ಹರಾಜನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಲೆಕ್ಕ ಹಾಕಿ ಬಿಡಿಸಿಟ್ಟರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾಗಿ ನಿಮ್ಮ ಪುಸ್ತಕದ ಬೆಲೆ ಕಟ್ಟುವವರು ಎರಡನೆಯವರು. ಅದನ್ನು ತುಂಬ ಪ್ರೀತಿಸುವ ಒಬ್ಬರು ಇದ್ದರೆ ಸಾಲದು, ಅವರ ಜೊತೆ ಪಟ್ಟು ಹಿಡಿದು ಏರುವ ಇನ್ನೊಬ್ಬರು ಅದೇ ವಾರ ಅಲ್ಲಿರಬೇಕು. ಪ್ರತಿ ಪುಸ್ತಕ ಕೈಗೆತ್ತಿಕೊಂಡಾಗಲೂ ‘ಇದಕ್ಕೆ ಎರಡನೆಯವರು ಯಾರು?’ ಎಂದು ಕೇಳಿಕೊಳ್ಳಿ. ಎಷ್ಟರಿಂದ ಶುರು ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಒಂದು ರೂಪಾಯಿಯ ಮಾತು ಬಂದಾಗಲೆಲ್ಲ ಜನ ಒಂದು ಕತೆ ಹೇಳುತ್ತಾರೆ, ಅದು ನಿಜವೂ ಹೌದು. ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಪ್ರತಿಯೊಂದನ್ನು 2014ರ ಆಗಸ್ಟಿನಲ್ಲಿ ಇಬೇಯಲ್ಲಿ 99 ಸೆಂಟಿನಿಂದ ಹರಾಜಿಗಿಟ್ಟರು. ಅದು 32,07,852 ಡಾಲರಿಗೆ ಹೋಯಿತು. ಆದರೆ ಆ ಪುಸ್ತಕ ಬರುತ್ತಿದೆ ಎಂದು ಜಗತ್ತಿನ ದೊಡ್ಡ ಸಂಗ್ರಾಹಕರಿಗೆಲ್ಲ ಮೊದಲೇ ಗೊತ್ತಿತ್ತು. ಅಲ್ಲಿ ಎರಡನೆಯವರು, ಮೂರನೆಯವರು, ಹತ್ತನೆಯವರು ಎಲ್ಲರೂ ಸಾಲಾಗಿ ಕಾದಿದ್ದರು. ಅಂಥ ಕಡೆ ಎಷ್ಟರಿಂದ ಶುರುಮಾಡಿದರೂ ಒಂದೇ.

ನಾನು ಈ ಕೆಲಸಕ್ಕೆ ಇಳಿದ ಹೊಸತರಲ್ಲಿ, ಇಬೇಯ ಭಾರತದ ತಾಣ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಕನ್ನಡದ ಇಂದ್ರಜಾಲ ಒಂದನ್ನು ಒಂದು ರೂಪಾಯಿಗೆ ಹರಾಜಿಗಿಟ್ಟೆ. ಪಿನ್ನಿಗೆ ತುಕ್ಕು ಕೂಡ ಹಿಡಿಯದ ಪ್ರತಿ. ಏಳು ದಿನದಲ್ಲಿ ಬಂದವರು ಇಬ್ಬರು, ಅದರಲ್ಲಿ ಒಬ್ಬರು ಸುಮ್ಮನೆ ಕುತೂಹಲಕ್ಕೆ ಕೈ ಹಾಕಿದವರು. 40 ರೂಪಾಯಿಗೆ ಹೋಯಿತು. ಮೂರು ತಿಂಗಳ ಮೇಲೆ ಧಾರವಾಡದ ಸಂಗ್ರಾಹಕರೊಬ್ಬರು ಫೋನ್ ಮಾಡಿ, ಆ ಒಂದು ಸಂಚಿಕೆಗಾಗಿ ಎಂಟು ವರ್ಷದಿಂದ ಹುಡುಕುತ್ತಿದ್ದೇನೆ ಎಂದರು. ಪುಸ್ತಕಕ್ಕೆ ಬೆಲೆ ಇತ್ತು, ಆ ವಾರ ಅವರು ಅಲ್ಲಿರಲಿಲ್ಲ ಅಷ್ಟೆ. ಅವತ್ತಿನಿಂದ ಕನ್ನಡ ಸಂಚಿಕೆಗಳನ್ನು ಒಂದು ರೂಪಾಯಿಗೆ ಇಟ್ಟಿಲ್ಲ.

ಈಗ ನಿಮ್ಮ ಟ್ರಂಕಿಗೆ ಬರೋಣ.

ಇಂದ್ರಜಾಲ ಕಾಮಿಕ್ಸ್ ಅನ್ನು ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚಿನಲ್ಲಿ ಶುರುಮಾಡಿತು, 1990ರಲ್ಲಿ ನಿಲ್ಲಿಸಿತು. ಒಟ್ಟು 803 ಸಂಚಿಕೆ. ಮೊದಮೊದಲು ತಿಂಗಳಿಗೊಂದು, ಆಮೇಲೆ ಹದಿನೈದು ದಿನಕ್ಕೊಂದು, ಕೊನೆಗೆ ವಾರಕ್ಕೊಂದು ಬಂತು. 443ನೇ ಸಂಚಿಕೆಯವರೆಗೆ ನೇರ ಸಂಖ್ಯೆ, ನಂತರ ಸಂಪುಟ ಮತ್ತು ಸಂಖ್ಯೆ. ಬೇರ್ಪಡಿಸುವಾಗ ಇದೇ ಮೊದಲ ಗೆರೆ. ಸಂಪುಟದ ಲೆಕ್ಕದವು, ಅಂದರೆ ಎಂಬತ್ತರ ದಶಕದವು, ಹೆಚ್ಚು ಮನೆಗಳಲ್ಲಿ ಉಳಿದಿವೆ. ಅರವತ್ತರ ದಶಕದವು, ಅದರಲ್ಲೂ ಮೊದಲ 32 ಸಂಚಿಕೆಗಳು, ಅಂದರೆ ಕಾಡಿನ ಮುಖವಾಡದ ವೀರ ಫ್ಯಾಂಟಮ್‌ನ ಕತೆಗಳು ಮಾತ್ರ ಇದ್ದವು, ಸಿಗುವುದೇ ಅಪರೂಪ. ಅಂಥವು ಇದ್ದರೆ ಒಂದೊಂದನ್ನೂ ಬೇರೆ ಕವರಿಗೆ ಹಾಕಿಡಿ. 1976ರಲ್ಲಿ ಆಬಿದ್ ಸೂರ್ತಿ ಹುಟ್ಟುಹಾಕಿದ ‘ಬಹಾದ್ದೂರ್’ ನಮ್ಮ ದೇಶದ ನಾಯಕ. ಅವನ ಮೊದಲ ಕತೆಗಳಿಗೆ ಇಲ್ಲಿನ ಸಂಗ್ರಾಹಕರೇ ಪೈಪೋಟಿ ಮಾಡುತ್ತಾರೆ. ಎರಡು, ಮೂರು ಭಾಗಗಳಲ್ಲಿ ಬಂದ ಕತೆಗಳನ್ನು ಬಿಡಿಬಿಡಿಯಾಗಿ ಮಾರಬೇಡಿ. ಮೊದಲ ಭಾಗ ಹೋದ ಮೇಲೆ ಎರಡನೆಯದು ಅನಾಥವಾಗುತ್ತದೆ.

ಫ್ಯಾಂಟಮ್ ವಿಷಯದಲ್ಲಿ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ಅವನನ್ನು ಹುಟ್ಟಿಸಿದ ಅಮೆರಿಕಕ್ಕಿಂತ ಹೆಚ್ಚಿನ ಪ್ರೀತಿ ಸ್ವೀಡನ್ ಮತ್ತು ಆಸ್ಟ್ರೇಲಿಯಾದಲ್ಲಿದೆ. ಆಸ್ಟ್ರೇಲಿಯಾದ ಫ್ರೂ ಸಂಸ್ಥೆ 1948ರಿಂದ, ಸ್ವೀಡನ್ನಿನ ‘ಫ್ಯಾಂಟೊಮೆನ್’ ಪತ್ರಿಕೆ 1950ರಿಂದ ಫ್ಯಾಂಟಮ್ ಪ್ರಕಟಿಸುತ್ತ ಬಂದಿವೆ. ಅಲ್ಲಿನ ಸಂಗ್ರಾಹಕರಲ್ಲಿ ಕೆಲವರು ಇಂದ್ರಜಾಲವನ್ನು ಮುಖಪುಟದ ಚಿತ್ರಕ್ಕಾಗಿಯೇ ಕೊಳ್ಳುತ್ತಾರೆ. ಕನ್ನಡ ಓದಲು ಬಾರದ ಸ್ವೀಡನ್ನಿನವರೊಬ್ಬರು ಕನ್ನಡ ಫ್ಯಾಂಟಮ್ ಕೇಳಿಕೊಂಡು ನನಗೆ ಬರೆದಿದ್ದಾರೆ, ಭಾರತದ ಪ್ರತಿ ಭಾಷೆಯದೂ ಒಂದೊಂದು ಬೇಕಂತೆ. ಹಾಗಾಗಿ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಫ್ಯಾಂಟಮ್‌ಗೆ ಎರಡನೆಯವರು ಹೊರದೇಶದಲ್ಲಿ ಸಿಗುವ ಸಾಧ್ಯತೆ ಇದೆ. ಕನ್ನಡದ ಬಹಾದ್ದೂರನಿಗೆ ಹೊರಗೆ ಯಾರೂ ಇಲ್ಲ, ಅವನನ್ನು ಇಲ್ಲೇ ಮಾರಬೇಕು.

ಅಮರ ಚಿತ್ರಕಥೆಯಲ್ಲಿ ಎಚ್ಚರ ಬೇಕಾದ್ದು ಮರುಮುದ್ರಣದ ವಿಷಯದಲ್ಲಿ. ಒಂದೇ ಕತೆ ದಶಕಗಟ್ಟಲೆ ಮತ್ತೆ ಮತ್ತೆ ಅಚ್ಚಾಗಿದೆ, ಮುಖಪುಟ ಒಂದೇ ತರಹ ಕಾಣುತ್ತದೆ. ಸಂಖ್ಯೆ 500 ದಾಟಿದ್ದರೆ ಅದು ಹೊಸ ಕ್ರಮದ, ನಂತರದ ಮುದ್ರಣ. ಹಳೆಯ ಸಂಖ್ಯೆಯೇ ಇದ್ದರೂ ಅಚ್ಚಾದ ಬೆಲೆ ಎಷ್ಟು, ‘ಈವರೆಗೆ ಪ್ರಕಟವಾದವು’ ಎನ್ನುವ ಪಟ್ಟಿ ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿ. 30ನೇ ಸಂಚಿಕೆಯ ಹಿಂಬದಿಯ ಪಟ್ಟಿಯಲ್ಲಿ 200ನೆಯದರ ಹೆಸರಿದ್ದರೆ ಅದು ಮೊದಲ ಮುದ್ರಣ ಆಗಿರಲು ಸಾಧ್ಯವೇ ಇಲ್ಲ. ಮರುಮುದ್ರಣವನ್ನು ಮೊದಲ ಮುದ್ರಣ ಎಂದು ಬರೆದುಬಿಟ್ಟರೆ ಪುಸ್ತಕ ವಾಪಸು ಬರುತ್ತದೆ, ಮುಂದಿನ ಹರಾಜಿಗೆ ಜನ ಬರುವುದಿಲ್ಲ.

ಇನ್ನೊಂದು ಮಾತು, ನಮ್ಮ ನಾಡಿಗೇ ಸೇರಿದ್ದು. ಅಮರ ಚಿತ್ರಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, 1967, ಮುಂಬಯಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪೈ ಮೊದಲು ತಂದ ಇಂಗ್ಲಿಷಿನ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಅದಕ್ಕೂ ಹಿಂದಿನ ಹತ್ತು, ಸಿಂಡರೆಲಾಳಂಥ ಪಾಶ್ಚಾತ್ಯ ಕಿನ್ನರಕತೆಗಳು. ಅವು ಮೊದಲು ಬಂದದ್ದು 1965ರಲ್ಲಿ, ಕನ್ನಡದಲ್ಲಿ, ಬೆಂಗಳೂರಿನ ಪ್ರಕಾಶನ ಸಂಸ್ಥೆ ಐಬಿಎಚ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ನಿಮ್ಮ 56ರಲ್ಲಿ ಅಂಥ ಒಂದು ಕನ್ನಡ ಕಿನ್ನರಕತೆ ಕಂಡರೆ, ಕೈ ಒರೆಸಿಕೊಂಡು ಎತ್ತಿಡಿ. ಅದನ್ನು ಯಾವ ಕಾರಣಕ್ಕೂ ಕಡಿಮೆ ಬೆಲೆಯಿಂದ ಹರಾಜಿಗಿಡಬೇಡಿ. ಬೇಕೆನ್ನುವವರು ಬೆರಳೆಣಿಕೆಯಷ್ಟು, ಅವರು ಒಂದೇ ವಾರ ಒಟ್ಟಿಗೆ ಬರುವುದಿಲ್ಲ.

ಬೆಲೆ ತಿಳಿಯುವ ದಾರಿ ಒಂದೇ: ಮಾರಾಟವಾಗಿ ಹೋದವುಗಳನ್ನು ನೋಡುವುದು. ಇಂದ್ರಜಾಲ ಎಂದು ಹುಡುಕಿದರೆ ಸಾವಿರಾರು ರೂಪಾಯಿ ಕೇಳುತ್ತಿರುವ ಪುಟಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ಎಷ್ಟೋ ಪುಸ್ತಕಗಳು ವರ್ಷಗಟ್ಟಲೆ ಅಲ್ಲೇ ಕೂತಿವೆ. ಇಬೇಯಲ್ಲಿ ‘ಸೋಲ್ಡ್’ ಎನ್ನುವ ಆಯ್ಕೆ ಒತ್ತಿದರೆ ಕಳೆದ 90 ದಿನಗಳಲ್ಲಿ ನಿಜವಾಗಿ ಕೈ ಬದಲಾದವು ಕಾಣುತ್ತವೆ. ಭಾರತದ ತಾಣ 2018ರಲ್ಲಿ ಮುಚ್ಚಿದ ಮೇಲೆ ಇಲ್ಲಿನ ಹರಾಜುಗಳು ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗಿವೆ. ಮಗನಿಗೆ ಹೇಳಿ ಅಂಥ ಎರಡು ಗುಂಪು ಸೇರಿ. ಒಂದು ತಿಂಗಳು ಏನನ್ನೂ ಮಾರದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ: ಯಾವ ಸಂಚಿಕೆ, ಯಾವ ಭಾಷೆ, ಯಾವ ಸ್ಥಿತಿ, ಎಷ್ಟಕ್ಕೆ ನಿಂತಿತು, ಎಷ್ಟು ಜನ ಕೂಗಿದರು. ಕೊನೆಯ ಅಂಕಣವೇ ಮುಖ್ಯ. ಐದಾರು ಜನ ಕೂಗಿದ ಪುಸ್ತಕ ನಿಮ್ಮಲ್ಲೂ ಇದ್ದರೆ ಅದನ್ನು ಧೈರ್ಯವಾಗಿ 99 ರೂಪಾಯಿಗೆ ಇಡಿ. ಕಡಿಮೆ ಬೆಲೆ ಜನರನ್ನು ಕರೆಯುತ್ತದೆ, ಒಮ್ಮೆ ಕೂಗಿದವರಿಗೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಒಬ್ಬರೇ ಕೂಗಿದ್ದರೆ, ‘ಇದಕ್ಕಿಂತ ಕಡಿಮೆಗೆ ಕೊಟ್ಟರೆ ನನಗೆ ಬೇಸರವಾಗುತ್ತದೆ’ ಅನ್ನಿಸುವ ಮೊತ್ತವನ್ನೇ ಬೇಸ್ ಪ್ರೈಸ್ ಮಾಡಿ. ಯಾರೂ ಕೂಗದೆ ಉಳಿದ ಅಪರೂಪದವನ್ನು ಹರಾಜಿಗೇ ಹಾಕಬೇಡಿ. ನಿಗದಿ ಬೆಲೆ ಬರೆದು, ‘ನಿಮ್ಮ ಬೆಲೆ ತಿಳಿಸಬಹುದು’ ಎಂದು ಸೇರಿಸಿ, ಆರು ತಿಂಗಳಾದರೂ ಸರಿ, ಬಿಟ್ಟುಬಿಡಿ. ಆ ಧಾರವಾಡದವರು ಬರಲು ಅಷ್ಟು ಸಮಯ ಬೇಕು.

ಗುಟ್ಟಾಗಿ ಕನಿಷ್ಠ ಬೆಲೆ ಇಟ್ಟು ಹರಾಜು ಮಾಡುವ ಸೌಲಭ್ಯ, ಅದೇ ರಿಸರ್ವ್, ಕೆಲವು ಕಡೆ ಇದೆ. ನನಗೆ ಅದು ಹಿಡಿಸುವುದಿಲ್ಲ. ಕೂಗಿದವರಿಗೆ ‘ಇನ್ನೂ ಮುಟ್ಟಿಲ್ಲ’ ಎಂದು ಬರುತ್ತಿದ್ದರೆ ಮೂರನೇ ಸಲಕ್ಕೆ ಎದ್ದು ಹೋಗುತ್ತಾರೆ. ನಿಮ್ಮ ಕನಿಷ್ಠ ಎಷ್ಟು ಎಂದು ಬಾಯಿಬಿಟ್ಟು ಹೇಳುವುದೇ ಮೇಲು. ಹಾಗೆಯೇ, ಬೆಲೆ ಏರಿಸಲು ಭಾವನಿಂದಲೋ ಮಗನ ಗೆಳೆಯನಿಂದಲೋ ಸುಳ್ಳು ಕೂಗು ಹಾಕಿಸಬೇಡಿ. ಅದು ಮೋಸ, ಎಲ್ಲ ತಾಣಗಳಲ್ಲೂ ನಿಷಿದ್ಧ. ಈ ಹವ್ಯಾಸದ ಜನ ಒಬ್ಬರಿಗೊಬ್ಬರು ಪರಿಚಯದವರು, ಸುದ್ದಿ ಒಂದೇ ದಿನದಲ್ಲಿ ಹರಡುತ್ತದೆ.

ನೀವು ಹೆಚ್ಚು ಸಮಯ ಕೊಡಬೇಕಾದ್ದು ವಿವರಣೆಗೆ. ಅಡಿಕೆಯಾದರೆ ವ್ಯಾಪಾರಿ ಒಡೆದು ನೋಡುತ್ತಾನೆ, ಇಲ್ಲಿ ಪುಸ್ತಕ ಮುಟ್ಟದೆ ದುಡ್ಡು ಕೊಡುತ್ತಾರೆ. ಅನುಮಾನ ಬಂದಷ್ಟೂ ಕಡಿಮೆ ಬರೆಯುತ್ತಾರೆ. ಪುಸ್ತಕವನ್ನು ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ, ಬಿಳಿ ಪಂಚೆಯ ಮೇಲೆ ಇಟ್ಟು ಫೋಟೋ ತೆಗೆಯಿರಿ: ಮುಖಪುಟ, ಹಿಂಬದಿ, ಬೆನ್ನು, ನಡುಪುಟದ ಪಿನ್, ಮತ್ತು ಇರುವ ದೋಷದ್ದೊಂದು ಹತ್ತಿರದ ಚಿತ್ರ. ನಿಮ್ಮ ಪತ್ರದ ಜೊತೆ ಬಂದ ಫೋಟೋದಲ್ಲಿರುವ ಪುಸ್ತಕಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

‘ಇಂದ್ರಜಾಲ ಕಾಮಿಕ್ಸ್, ಕನ್ನಡ. ಎಲ್ಲ ಪುಟಗಳೂ ಇವೆ, ಎಣಿಸಿದ್ದೇನೆ. ಎರಡೂ ಪಿನ್ ಮೂಲದವು, ಕೆಳಗಿನದಕ್ಕೆ ತುಕ್ಕು, ಸುತ್ತ ಮಸೂರ ಕಾಳಿನಷ್ಟು ಕಂದು ಕಲೆ. ಬೆನ್ನಿನ ತಳದಲ್ಲಿ ಅರ್ಧ ಇಂಚು ಸೀಳು. ಟೇಪ್ ಹಚ್ಚಿಲ್ಲ. ಬೈಂಡ್ ಮಾಡಿಸಿಲ್ಲ, ಅಂಚು ಕತ್ತರಿಸಿಲ್ಲ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ಹೆಸರು. ನುಸಿಗುಳಿಗೆಯ ವಾಸನೆ ಸ್ವಲ್ಪ ಇದೆ.’

ಇಷ್ಟು ಓದಿದ ಸಂಗ್ರಾಹಕರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ‘ಹಳೆಯದು, ಚೆನ್ನಾಗಿದೆ, ಅಪರೂಪ’ ಎಂದು ಬರೆದದ್ದನ್ನು ಅವರು ದಿನಕ್ಕೆ ಹತ್ತು ನೋಡುತ್ತಾರೆ. ಬೈಂಡ್ ಮಾಡಿಲ್ಲ ಎನ್ನುವ ಮಾತು ನಮ್ಮಲ್ಲಿ ಬಹಳ ಮುಖ್ಯ. ಆಗ ರಜೆ ಬಂದರೆ ಹತ್ತು ಹನ್ನೆರಡು ಕಾಮಿಕ್ಸ್ ಸೇರಿಸಿ ಹೊಲಿಸಿ, ಮೂರು ಕಡೆ ಅಂಚು ಕತ್ತರಿಸಿ, ರಟ್ಟು ಹಾಕಿಸುತ್ತಿದ್ದರು. ಓದಲು ಅನುಕೂಲ, ಸಂಗ್ರಹಕ್ಕೆ ನಷ್ಟ. ಅಂಥ ಕಟ್ಟುಗಳಿದ್ದರೆ ಬಿಚ್ಚಬೇಡಿ, ಕಟ್ಟಾಗಿಯೇ ಮಾರಿ. ಲೈಬ್ರರಿಯ ಮುದ್ರೆ ಇದ್ದರೆ ಅದನ್ನೂ ತೋರಿಸಿ. ಸೆಲೋಟೇಪ್, ಗೋಂದು, ಲ್ಯಾಮಿನೇಷನ್ ಯಾವುದೂ ಬೇಡ. ತುಕ್ಕು ಹಿಡಿದ ಪಿನ್ ಕಿತ್ತು ಹೊಸದು ಹಾಕುವುದೂ ಬೇಡ.

ಇನ್ನು ಕ್ರಮ. ವಾರಕ್ಕೆ ಹತ್ತರಿಂದ ಹದಿನೈದು ಮಾತ್ರ ಬಿಡಿ. ಮೊದಲ ಎರಡು ವಾರ ಮಧ್ಯಮ ದರ್ಜೆಯವು, ನಿಮ್ಮ ಪ್ಯಾಕಿಂಗ್ ಮತ್ತು ಮಾತು ಎಂಥದ್ದು ಎಂದು ಜನ ನೋಡಲಿ. ಒಳ್ಳೆಯವು ಮೂರನೇ ವಾರದಿಂದ. ಕಳೆದ ವಾರ ಸೋತವರ ಹತ್ತಿರ ದುಡ್ಡು ಹಾಗೇ ಉಳಿದಿರುತ್ತದೆ, ಹಟವೂ ಇರುತ್ತದೆ. ಒಂದೇ ಸಂಚಿಕೆಯ ಎರಡು ಪ್ರತಿ ಇದ್ದರೆ ನಡುವೆ ಎರಡು ಮೂರು ತಿಂಗಳು ಬಿಡಿ. ಎಂಬತ್ತರ ದಶಕದ ಸಾಮಾನ್ಯ ಸಂಚಿಕೆಗಳನ್ನು ಹತ್ತರ ಲಾಟ್ ಮಾಡಿ. ಒಂದೊಂದಾಗಿ ಮಾರಿದರೆ ಸ್ಪೀಡ್ ಪೋಸ್ಟ್ ಖರ್ಚೇ ಪುಸ್ತಕದ ಬೆಲೆಯನ್ನು ತಿಂದುಹಾಕುತ್ತದೆ.

ಮುಗಿಯುವ ಗಳಿಗೆ ಕೂಡ ಬೆಲೆಗೆ ಸೇರಿದ್ದೇ. ಕೊನೆಯ ಕೆಲವು ಸೆಕೆಂಡಿನಲ್ಲಿ ಕೂಗುವವರೇ ಹೆಚ್ಚು. ಇಲ್ಲಿನ ಗುಂಪಿನಲ್ಲಿ ಭಾನುವಾರ ರಾತ್ರಿ 9ಕ್ಕೆ ಮುಗಿಸಿ, ಸಂಬಳ ಬಂದ ಮೊದಲ ವಾರವಾದರೆ ಒಳ್ಳೆಯದು. ಕೊನೆಯ ಐದು ನಿಮಿಷದಲ್ಲಿ ಕೂಗು ಬಂದರೆ ಇನ್ನೈದು ನಿಮಿಷ ಮುಂದುವರಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ಹೊರದೇಶಕ್ಕೆ ಫ್ಯಾಂಟಮ್ ಇಡುವುದಾದರೆ ನಮ್ಮ ಭಾನುವಾರ ಮಧ್ಯಾಹ್ನ 3:30ಕ್ಕೆ ಮುಗಿಯುವಂತೆ ಇಡಿ. ಆಗ ಸಿಡ್ನಿಯಲ್ಲಿ ಊಟದ ಹೊತ್ತಿನ ರಾತ್ರಿ, ಸ್ಟಾಕ್‌ಹೋಮಿನಲ್ಲಿ ನಡುಹಗಲಿನ ಆಸುಪಾಸು. ಇಬ್ಬರೂ ಎಚ್ಚರವಾಗಿರುತ್ತಾರೆ. ಇಬೇಯಲ್ಲಿ ಹರಾಜು ಶುರುವಾದ ಗಳಿಗೆಗೇ ಮುಗಿಯುವುದರಿಂದ, ಏಳು ದಿನದ ಹರಾಜನ್ನು ಹಿಂದಿನ ಭಾನುವಾರ ಅದೇ ಹೊತ್ತಿಗೆ ಶುರುಮಾಡಿದರಾಯಿತು. ಒಂದು ಎಚ್ಚರಿಕೆ: ಅವರ ಶುಲ್ಕ ಪುಸ್ತಕದ ಬೆಲೆಯ ಮೇಲೆ ಮಾತ್ರವಲ್ಲ, ಅಂಚೆ ವೆಚ್ಚ ಸೇರಿದ ಒಟ್ಟು ಮೊತ್ತದ ಮೇಲೆ. ಹೊರದೇಶಕ್ಕೆ ವ್ಯಾಪಾರವಾಗಿ ಕಳಿಸಲು ಐಇಸಿ ಎಂಬ ರಫ್ತು ಸಂಖ್ಯೆಯೂ ಬೇಕು. ಹತ್ತಾರು ಒಳ್ಳೆಯ ಫ್ಯಾಂಟಮ್ ಇದ್ದರೆ ಮಾತ್ರ ಆ ಓಡಾಟಕ್ಕೆ ಅರ್ಥ. ಇಲ್ಲವಾದರೆ ಈಗಾಗಲೇ ಹೊರಗೆ ಕಳಿಸುತ್ತಿರುವವರ ಮೂಲಕ ಮಾರಿ, ಪಾಲು ಎಷ್ಟು ಎಂದು ಬರಹದಲ್ಲಿ ಒಪ್ಪಿಕೊಂಡು.

ಅಮೆರಿಕದ ಆ ಆರರ ಮುಖಪುಟದ ಹೆಸರು, ಸಂಖ್ಯೆ, ವರ್ಷ ಬರೆದು ಕಳಿಸಿ. ಅವು ಏನೆಂದು ತಿಳಿಯದೆ ವ್ಯಾಪಾರಿಗೆ ತೋರಿಸಬೇಡಿ. ಒಂದು ಉದಾಹರಣೆ: ‘ಇನ್‌ಕ್ರೆಡಿಬಲ್ ಹಲ್ಕ್’ 181, 1974ರದು, ವುಲ್ವರಿನ್ ಎಂಬ ನಾಯಕ ಮೊದಲ ಬಾರಿ ಪೂರ್ಣವಾಗಿ ಬಂದ ಸಂಚಿಕೆ. ಅದರ ಒಳಪುಟದಲ್ಲಿ ಮಕ್ಕಳು ಕತ್ತರಿಸಿ ಅಂಟಿಸಲೆಂದು ಒಂದು ಚೀಟಿ ಅಚ್ಚಾಗಿತ್ತು. ಚೀಟಿ ಇರುವ ಪ್ರತಿಗೂ ಇಲ್ಲದ ಪ್ರತಿಗೂ ಬೆಲೆ ಅಜಗಜಾಂತರ. ಅಂಥದ್ದು ಸಿಕ್ಕರೆ ಕಾಮಿಕ್ಸ್ ಸ್ಥಿತಿಗೆ ದರ್ಜೆ ಕೊಡುವ ಫ್ಲಾರಿಡಾದ ಸಿಜಿಸಿ ಸಂಸ್ಥೆಗೆ ಕಳಿಸಿ, 10ಕ್ಕೆ ಎಷ್ಟು ಎಂದು ದರ್ಜೆ ಹಾಕಿಸಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಸಿ ಮಾರುವುದು ಲಾಭ. ಸಾಮಾನ್ಯ ಸಂಚಿಕೆಗೆ, ಇಂದ್ರಜಾಲಕ್ಕೆ ಆ ಖರ್ಚು ಬೇಡ. ಇಲ್ಲಿನ ಸಂಗ್ರಾಹಕರಿಗೆ ಪುಸ್ತಕ ತೆರೆದು ನೋಡಬೇಕು.

ಆ 15,000ದ ವ್ಯಾಪಾರಿ ನಿಮಗೆ ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಪುಸ್ತಕಕ್ಕೆ ಸುಮಾರು 70 ರೂಪಾಯಿ ಬೀಳುತ್ತದೆ, ಸಾಮಾನ್ಯ ಸಂಚಿಕೆಗಳನ್ನು ಸಾರಾಸಗಟಾಗಿ ಒಯ್ಯುವವರಿಗೆ ಅದು ನ್ಯಾಯದ ಮಾತೇ. ಮೇಲೆ ಹೇಳಿದ ಕೆಲಸವೆಲ್ಲ ಅವರ ಹೆಗಲಿಗೆ ಬೀಳುತ್ತದೆ. ಆದರೆ ಅರವತ್ತರ ದಶಕದವು, ಕಿನ್ನರಕತೆಗಳು, ಆ ಆರು, ಇವನ್ನು ಮೊದಲು ಬೇರೆ ತೆಗೆಯಿರಿ. ಉಳಿದವಕ್ಕೆ ಎಷ್ಟು ಎಂದು ಮತ್ತೆ ಕೇಳಿ. ಆರೇಳು ತಿಂಗಳು ಪ್ರತಿ ಭಾನುವಾರ ಇದಕ್ಕೆ ಕೂರಲು ನಿಮಗೆ ಮನಸ್ಸಿಲ್ಲದಿದ್ದರೆ, ಉಳಿದವನ್ನು ಅವರಿಗೇ ಕೊಡುವುದರಲ್ಲಿ ತಪ್ಪೇನಿಲ್ಲ.

ಇನ್ನು ಅಣ್ಣನ ಹೆಸರು. ಅಳಿಸಬೇಡಿ. ಆ ಕಾಲದ ಕಾಗದದ ಮೇಲೆ ರಬ್ಬರ್ ಉಜ್ಜಿದರೆ ಮೇಲ್ಪದರ ಕಿತ್ತು ಬರುತ್ತದೆ, ಶಾಯಿ ಹೋಗಿಸುವ ದ್ರವ ಹಾಕಿದರೆ ಹಳದಿ ವೃತ್ತ ಉಳಿಯುತ್ತದೆ. ಹೆಸರಿದ್ದರೆ ಬೆಲೆ ಒಂದಿಷ್ಟು ಇಳಿಯುವುದು ನಿಜ, ಅಳಿಸಿದ ಗುರುತಿದ್ದರೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಒಂದೇ ಹುಡುಗ ಒಂದೇ ಅಕ್ಷರದಲ್ಲಿ ಹೆಸರು ಬರೆದ ಇನ್ನೂರು ಪುಸ್ತಕ ಒಂದೇ ಮನೆಯಲ್ಲಿ ಉಳಿದುಬಂದಿವೆ ಎಂದರೆ, ಕೊಳ್ಳುವವರಲ್ಲಿ ಕೆಲವರಿಗೆ ಅದೇ ಭರವಸೆ. ಹೆಸರಿನ ಕೆಳಗೆ ತಾರೀಕು ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ ಆ ಪುಟದ ಫೋಟೋವನ್ನೂ ಹಾಕಿ. ಮಾರುವ ಮುಂಚೆ ಎಲ್ಲದರ ಮೊದಲ ಪುಟದ ಒಂದೊಂದು ಚಿತ್ರ ನಿಮಗಾಗಿಯೂ ತೆಗೆದಿಟ್ಟುಕೊಳ್ಳಿ.